ತೆರೆಯ ತೂಗಾಟ, ತಲೆಯ ತಿರುಗಾಟ

ಹಡಗಿನ ಪ್ರಯಾಣವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನೀಲಿಯ ನೀರು, ಬೆಳ್ಳಗಿನ ನೊರೆ, ತಂಪಾದ ಗಾಳಿ ಮತ್ತು ಕಟಕಟೆಗೆ ಒರಗಿ ನಿಂತು ಸೂರ್ಯಾಸ್ತವನ್ನು ನೋಡುವ ಸುಖ. ಆ ಚಿತ್ರದಲ್ಲಿ ಬಾಲ್ದಿಗೆ ಸ್ಥಾನವಿಲ್ಲ. ಆದರೆ ಕಡಲಿನ ಮೇಲೆ ಒಂದು ರಾತ್ರಿಯನ್ನು ಕಳೆದು ಬಂದವರನ್ನು ವಿಚಾರಿಸಿ ನೋಡಿ. ಸೂರ್ಯಾಸ್ತದ ಮಾತು ಆಮೇಲೆ, ಬಾಲ್ದಿಯ ಮಾತೇ ಮೊದಲು ಬರುತ್ತದೆ.

ನಾನೂ ಹಾಗೆ ವಿಚಾರಿಸಿದವನಲ್ಲ. ೨೦೨೨ರ ನವೆಂಬರ್ ತಿಂಗಳಿನಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೊರಟ ಹಡಗೊಂದನ್ನು ಕುಟುಂಬಸಮೇತನಾಗಿ ಏರಿದೆ. ಜೊತೆಯಲ್ಲಿ ನನ್ನ ಪತ್ನಿ, ಎಂಟು ವರ್ಷದ ಮಗಳು ಮತ್ತು ಎಪ್ಪತ್ತರ ಹೊಸ್ತಿಲಲ್ಲಿದ್ದ ನನ್ನ ತಾಯಿ. ಈ ಪ್ರಯಾಣದ ಮೂಲಪ್ರೇರಣೆ ನನ್ನ ತಾಯಿಯವರೇ. ಅದಕ್ಕೊಂದು ಹಿನ್ನೆಲೆಯಿದೆ.

ಲಕ್ಷದ್ವೀಪದ ಉತ್ತರಭಾಗದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಎಂಬ ದ್ವೀಪಗಳು ೧೯೫೬ರ ನವೆಂಬರ್ ಒಂದರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ಇಂದು ಅನೇಕರಿಗೆ ತಿಳಿಯದು. ಅಲ್ಲಿಯ ತೆಂಗಿನ ನಾರಿನ ಹಗ್ಗ ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಮಂಗಳೂರಿನ ಸರ್ಕಾರಿ ಕಛೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ತಾಯಿಯ ತಂದೆಯವರು ಕೆಲಸದ ನಿಮಿತ್ತ ಒಮ್ಮೆ ಹಾಯಿಯ ಓಡವನ್ನೇರಿ ಕಡಮತ್ ದ್ವೀಪಕ್ಕೆ ಹೋಗಿದ್ದರಂತೆ. ದಾರಿಯುದ್ದಕ್ಕೂ ಅವರು ಪಟ್ಟ ಪಾಡು, ಆಮೇಲೆ ಕಂಡ ಹಸಿರು ನೀರಿನ ಹಿನ್ನೀರು, ಈ ಎರಡೂ ನನ್ನ ತಾಯಿಯ ಬಾಲ್ಯದ ಕಥೆಗಳಾಗಿದ್ದವು. "ಅಪ್ಪ ಕಂಡ ನೀರನ್ನು ಒಂದು ಸಲ ನಾನೂ ಕಣ್ಣಾರೆ ನೋಡಬೇಕು ಕಣೋ" ಎಂದು ಅವರು ಹೇಳುತ್ತ ಬಂದು ಎಷ್ಟೋ ವರ್ಷಗಳಾಗಿದ್ದವು. ಇತ್ತೀಚೆಗೆ ಅವರ ದೃಷ್ಟಿ ಮಂದವಾಗುತ್ತ ಬಂದುದರಿಂದ 'ಕಣ್ಣಾರೆ' ಎಂಬ ಮಾತಿಗೆ ಹೊಸದೊಂದು ಭಾರ ಬಂದಿತ್ತು. ತಡಮಾಡುವಂತಿರಲಿಲ್ಲ.

ನನ್ನ ಪಾಂಡಿತ್ಯ ಮುಳುಗಿದ ಬಗೆ

ಹೊರಡುವ ಮುನ್ನ ನನ್ನ ಪತ್ನಿ ಮಕ್ಕಳ ವೈದ್ಯರನ್ನು ಕಂಡು, ಮಗಳ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ವಾಂತಿಯ ತಡೆಗೆ ಔಷಧಿಯನ್ನು ಬರೆಸಿಕೊಂಡು ಬಂದಿದ್ದಳು. ಚಿಕ್ಕಂದಿನಲ್ಲಿ ಆಗುಂಬೆಯ ಘಾಟಿಯನ್ನು ಬಸ್ಸಿನಲ್ಲಿ ಎಷ್ಟೋ ಸಲ ಇಳಿದವನೆಂಬ ಹೆಮ್ಮೆ ನನಗೆ. ಒಂದು ದಿನವೂ ನಿಂಬೆಹಣ್ಣನ್ನು ಮೂಸಿದವನಲ್ಲ. "ನನಗೇಕೆ ಮಾತ್ರೆ?" ಎಂದು ನಕ್ಕುಬಿಟ್ಟೆ. ಹಡಗೇರುವ ಮುನ್ನ ಕೊಚ್ಚಿಯ ಭೋಜನಗೃಹದಲ್ಲಿ ಎಣ್ಣೆಯಲ್ಲಿ ಮಿಂದ ಪರೋಟಗಳನ್ನು ಹೊಟ್ಟೆ ಬಿರಿಯುವಂತೆ ತಿಂದೆ. ನಮಗೆ ದೊರೆತಿದ್ದ ಕೋಣೆ ಹಡಗಿನ ಮೂತಿಯ ಕಡೆಗೆ, ಮೇಲಿನ ಅಂತಸ್ತಿನಲ್ಲಿತ್ತು. "ನೋಟ ಚೆನ್ನಾಗಿರುತ್ತದೆ" ಎಂದು ಸಂತೋಷಪಟ್ಟೆ. ಹಡಗು ಬಂದರನ್ನು ದಾಟಿ ತೆರೆದ ಕಡಲಿಗೆ ಬಂದ ಮೇಲೆ, ಕೋಣೆಯ ಬಾಗಿಲನ್ನು ಮುಚ್ಚಿಕೊಂಡು ದಪ್ಪನಾದ ಪುಸ್ತಕವೊಂದನ್ನು ಓದಲು ಕುಳಿತೆ.

ಹೊಟ್ಟೆ ತುಂಬ ಎಣ್ಣೆಯ ತಿಂಡಿ, ಹಡಗಿನ ಮೂತಿಯ ಕೋಣೆ, ಮುಚ್ಚಿದ ಬಾಗಿಲು, ಕೈಯಲ್ಲಿ ಪುಸ್ತಕ: ಕಡಲಬೇನೆಯನ್ನು ಕರೆದು ಮಣೆ ಹಾಕಿ ಕೂರಿಸಬೇಕೆಂದು ಯಾರಾದರೂ ಸಂಕಲ್ಪ ಮಾಡಿದರೆ ಇದಕ್ಕಿಂತ ಉತ್ತಮವಾದ ವಿಧಾನವಿಲ್ಲವೆಂಬುದು ನನಗೆ ಆಗ ತಿಳಿದಿರಲಿಲ್ಲ. ಹತ್ತು ಪುಟ ಮುಗಿಯುವುದರೊಳಗೆ ಆಕಳಿಕೆ ಆರಂಭವಾಯಿತು. ಬಾಯಲ್ಲಿ ನೀರೂರಿತು. ಹಣೆಯ ಮೇಲೆ ತಣ್ಣನೆಯ ಬೆವರು ಮೂಡಿತು. ಮುಂದಿನದನ್ನು ಸಭ್ಯರಾದ ವಾಚಕರೆದುರು ವಿವರಿಸುವ ಅಗತ್ಯವಿಲ್ಲ.

ನನ್ನ ಅವಸ್ಥೆಯೇನೋ ನಗೆಗೀಡಾದುದು, ಇರಲಿ. ಸ್ವಲ್ಪ ಹೊತ್ತಿನಲ್ಲೇ ನನ್ನ ತಾಯಿಯವರೂ ಬಿಳಿಚಿಕೊಂಡು ಮಲಗಿಬಿಟ್ಟರು. ಎರಡು ಸಲ ವಾಂತಿಯಾಯಿತು. ಎದುರು ಕೋಣೆಯ ಸಹಪ್ರಯಾಣಿಕರೊಬ್ಬರು, ತುಂಬ ಸಹೃದಯರು, ತಮ್ಮ ಚೀಲದಿಂದ ಮಾತ್ರೆಯೊಂದನ್ನು ತೆಗೆದುಕೊಟ್ಟು, "ಇದನ್ನು ಅಮ್ಮನವರಿಗೆ ಕೊಡಿ, ಅರ್ಧ ಗಂಟೆಯಲ್ಲಿ ಸರಿಹೋಗುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ತೆಗೆದುಕೊಳ್ಳುತ್ತೇವೆ" ಎಂದರು. ನಾನು ಮಾತ್ರೆಯನ್ನೂ ನೀರಿನ ಲೋಟವನ್ನೂ ತಾಯಿಯ ಕೈಗೆ ಕೊಡುವುದರಲ್ಲಿದ್ದೆ. ನನ್ನ ಪತ್ನಿ ಅಡ್ಡ ಬಂದಳು.

"ಅತ್ತೆಯವರು ಕಣ್ಣಿಗೆ ದಿನಾ ಹನಿ ಹಾಕಿಕೊಳ್ಳುತ್ತಾರಲ್ಲ, ಹಡಗಿನ ಡಾಕ್ಟರನ್ನು ಒಂದು ಮಾತು ಕೇಳಿ ಬನ್ನಿ."

ಹೊಟ್ಟೆಯ ಕಾಯಿಲೆಗೂ ಕಣ್ಣಿನ ಹನಿಗೂ ಎಲ್ಲಿಯ ಸಂಬಂಧವೆಂದು ಗೊಣಗಿಕೊಂಡೇ, ಗೋಡೆಯನ್ನು ಹಿಡಿದು ಹಿಡಿದು, ವೈದ್ಯರ ಕೋಣೆಗೆ ಹೋದೆ.

ವೈದ್ಯರ ಒಂದು ಪ್ರಶ್ನೆ

ನಮ್ಮ ಪುಣ್ಯಕ್ಕೆ ವೈದ್ಯರು ಕಾಸರಗೋಡಿನ ಕಡೆಯವರು. ಕನ್ನಡವನ್ನು ಚೆನ್ನಾಗಿ ಬಲ್ಲವರು. ಮಾತ್ರೆಯನ್ನು ತಿರುಗಿಸಿ ನೋಡಿ, "ತಾಯಿಯವರಿಗೆ ವಯಸ್ಸೆಷ್ಟು? ಕಣ್ಣಿನ ತೊಂದರೆ ಏನಾದರೂ ಉಂಟೇ?" ಎಂದು ಕೇಳಿದರು. ಗ್ಲೂಕೋಮಾ ಎಂದೆ. ಕಣ್ಣಿನೊಳಗಿನ ಕೋನ ಕಿರಿದಾಗಿದೆ, ಲೇಸರ್ ಚಿಕಿತ್ಸೆಯಾಗಬೇಕು ಎಂದು ನೇತ್ರವೈದ್ಯರು ಹೇಳಿರುವುದನ್ನೂ ತಿಳಿಸಿದೆ. ವೈದ್ಯರು ಮಾತ್ರೆಯನ್ನು ಮೇಜಿನ ಮೇಲಿಟ್ಟರು.

"ಈ ಮಾತ್ರೆ ಬಹಳ ಮಂದಿಗೆ ನಿರಪಾಯಕರ. ಆದರೆ ಅಂಥ ಕಣ್ಣಿರುವವರಲ್ಲಿ ಕಣ್ಣೊಳಗಿನ ಒತ್ತಡವನ್ನು ಇದು ಒಮ್ಮೆಲೇ ಏರಿಸಿಬಿಡಬಹುದು. ನಡುಗಡಲಿನಲ್ಲಿ ಹಾಗಾದರೆ ನಾವು ಕಣ್ಣಿನ ಆಸ್ಪತ್ರೆಯನ್ನು ಎಲ್ಲಿಂದ ತರೋಣ? ವಾಂತಿ ಒಂದು ದಿನದ ಕಷ್ಟ. ದೃಷ್ಟಿ ಹೋದರೆ ಹೋದ ಹಾಗೆಯೇ."

ಅಪ್ಪ ಕಂಡ ನೀರನ್ನು ಕಣ್ಣಾರೆ ನೋಡಬೇಕೆಂದು ಹೊರಟ ನನ್ನ ತಾಯಿಯ ಕಣ್ಣಿಗೇ ನಾನು ಕುತ್ತು ತರುವುದರಲ್ಲಿದ್ದೆ. ಆ ಕ್ಷಣದಲ್ಲಿ ನನ್ನ ಹೊಟ್ಟೆಯ ತೊಳಸಾಟವೇ ಮರೆತುಹೋಯಿತು. ಈ ಲೇಖನವನ್ನು ಬರೆಯಲು ಕಾರಣವೂ ಅದೇ ಕ್ಷಣ. ರಜೆಯಲ್ಲಿ ವಿಹಾರನೌಕೆಗಳನ್ನೇರುವ ಕನ್ನಡ ಕುಟುಂಬಗಳು ಇಂದು ಹೆಚ್ಚುತ್ತಿವೆ. ಆ ವೈದ್ಯರಿಂದ ಅಂದು ಕೇಳಿದುದನ್ನೂ, ಆಮೇಲೆ ಓದಿ ತಿಳಿದುದನ್ನೂ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಬೇನೆ ಹೊಟ್ಟೆಯದಲ್ಲ, ಕಿವಿಯದು

ಕಡಲಬೇನೆಯನ್ನು ನಾವು 'ಪಿತ್ತ ಕೆರಳಿತು' ಎಂದು ಹೊಟ್ಟೆಯ ಲೆಕ್ಕಕ್ಕೆ ಬರೆಯುವುದು ವಾಡಿಕೆ. ವಾಸ್ತವವಾಗಿ ಇದರ ಮೂಲವಿರುವುದು ಕಿವಿಯಲ್ಲಿ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ; ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ಅವು ಮಿದುಳಿಗೆ ತಿಳಿಸುತ್ತವೆ. ಅವುಗಳ ಪಕ್ಕದಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿರುವ ಸುಣ್ಣದ ಸೂಕ್ಷ್ಮ ಹರಳುಗಳು ನಾವು ಏರುತ್ತಿದ್ದೇವೆಯೋ ಇಳಿಯುತ್ತಿದ್ದೇವೆಯೋ ವಾಲುತ್ತಿದ್ದೇವೆಯೋ ಎಂಬ ಸುದ್ದಿಯನ್ನು ಕೊಡುತ್ತವೆ. ನೆಲದ ಮೇಲಿರುವಾಗ ಕಿವಿ, ಕಣ್ಣು, ಕಾಲು ಮೂರೂ ಒಂದೇ ಸುದ್ದಿಯನ್ನು ಹೇಳುತ್ತವೆ. ಹಡಗಿನ ಕೋಣೆಯಲ್ಲಿ ಹಾಗಲ್ಲ. 'ನಾವು ತೂಗಾಡುತ್ತಿದ್ದೇವೆ' ಎಂದು ಕಿವಿ ಹೇಳುತ್ತದೆ. 'ಎಲ್ಲಿಯ ತೂಗಾಟ? ಗೋಡೆ, ಮಂಚ, ಪುಸ್ತಕ ಎಲ್ಲವೂ ನಿಶ್ಚಲವಾಗಿವೆ' ಎಂದು ಕಣ್ಣು ಹೇಳುತ್ತದೆ. ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳು ಎರಡು ಬಗೆಯ ಹೇಳಿಕೆಯನ್ನು ಕೊಟ್ಟಾಗ ನ್ಯಾಯಾಧೀಶರಿಗೆ ಆಗುವ ಗೊಂದಲವೇ ಮಿದುಳಿಗೂ ಆಗುತ್ತದೆ. ಅದರ ಪರಿಣಾಮವನ್ನು ಉಣ್ಣುವುದು ಮಾತ್ರ ಬಡಪಾಯಿ ಹೊಟ್ಟೆ.

ಕಿವಿಯೇ ಮೂಲವೆಂಬುದಕ್ಕೆ ಪ್ರಮಾಣವುಂಟು. ಒಳಗಿವಿಯ ಈ ತೋಲನ ಶಕ್ತಿಯನ್ನು ಸಂಪೂರ್ಣವಾಗಿ ಕಳೆದುಕೊಂಡವರನ್ನು ಅಮೆರಿಕದ ಸಂಶೋಧಕರು ಉತ್ತರ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗಿನ ಮೇಲೆ ಕರೆದೊಯ್ದು ಪರೀಕ್ಷಿಸಿದರು. ೧೯೬೮ರಲ್ಲಿ ಪ್ರಕಟವಾದ ಆ ವರದಿಯಂತೆ, ಜೊತೆಯಲ್ಲಿದ್ದ ಆರೋಗ್ಯವಂತರು ಬೇನೆಯಿಂದ ನರಳುತ್ತಿದ್ದಾಗ ಇವರು ಮಾತ್ರ ಸುಖವಾಗಿದ್ದರು. ಇದಕ್ಕೆ ವಿರುದ್ಧವಾಗಿ, ಕಣ್ಣು ಕಾಣದವರಿಗೂ ಕಡಲಬೇನೆ ಬರುವುದುಂಟು. ಆಗುಂಬೆಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಾಚೆ ತಲೆ ಹಾಕುವವರ ಬೇನೆಯೂ ಇದೇ ಜಾತಿಯದು. ಆದರೆ ಎಲ್ಲ ಅಲುಗಾಟವೂ ಒಂದೇ ಅಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನವಾದ ತೂಗಾಟವೇ ಹೊಟ್ಟೆಗೆ ಅತ್ಯಂತ ವೈರಿಯೆಂದು ಪ್ರಯೋಗಗಳು ತೋರಿಸಿವೆ. ಘಾಟಿಯನ್ನು ಗೆದ್ದವನು ಕಡಲಿಗೆ ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಇದು ದುರ್ಬಲರ ಕಾಯಿಲೆಯೆಂದು ಯಾರೂ ನಾಚಬೇಕಾದುದಿಲ್ಲ. ಇಂಗ್ಲೆಂಡಿನ ನೌಕಾಸೇನಾನಿ ನೆಲ್ಸನ್ ಜೀವಮಾನವನ್ನೆಲ್ಲ ಕಡಲಿನ ಮೇಲೆ ಕಳೆದರೂ ಒರಟು ಹವೆಯಲ್ಲಿ ಈ ಬೇನೆಯಿಂದ ಬಿಡುಗಡೆ ಪಡೆಯಲಿಲ್ಲ. ೧೮೩೧ರ ಡಿಸೆಂಬರಿನಲ್ಲಿ ಬೀಗಲ್ ಹಡಗನ್ನೇರಿದ ಚಾರ್ಲ್ಸ್ ಡಾರ್ವಿನ್ನರು ೧೮೩೬ರಲ್ಲಿ ಮರಳುವವರೆಗೂ ಇದರಿಂದ ನರಳಿದರು. ಎಷ್ಟೋ ದಿನ ಅವರ ಹೊಟ್ಟೆ ಒಪ್ಪಿಕೊಂಡದ್ದು ಒಣದ್ರಾಕ್ಷಿಯನ್ನು ಮಾತ್ರ.

ಆದರೂ ಎಲ್ಲರನ್ನೂ ಇದು ಒಂದೇ ಸಮನಾಗಿ ಕಾಡುವುದಿಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಬರುವುದು ಅಪರೂಪ. ಆರರಿಂದ ಹನ್ನೆರಡರ ವಯಸ್ಸಿನ ಮಕ್ಕಳಿಗೆ ಹೆಚ್ಚು. ಪುರುಷರಿಗಿಂತ ಸ್ತ್ರೀಯರಿಗೆ, ಅದರಲ್ಲಿಯೂ ಗರ್ಭಿಣಿಯರಿಗೆ, ಅರೆತಲೆನೋವಿನ ಪ್ರಕೃತಿಯವರಿಗೆ ಹೆಚ್ಚು. ವಯಸ್ಸಾದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಬಂದಾಗ ವೃದ್ಧರ ದೇಹ ಬೇಗ ಬಳಲುತ್ತದೆ.

ಹಡಗೇರುವ ಮುನ್ನ

ತಡೆಯುವುದು ಸುಲಭ, ಬಂದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಕಡಲಬೇನೆಯ ವಿಷಯದಲ್ಲಿ ನೆನಪಿಡಬೇಕಾದ ಮೊದಲ ಮಾತು ಇದು.

ಕಾಲವನ್ನು ನೋಡಿ ಹೊರಡಬೇಕು. ಅರಬ್ಬೀ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಹೊಡೆತಕ್ಕೆ ಸಿಕ್ಕಿ ಕೆರಳಿರುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ಬಹುಮಟ್ಟಿಗೆ ಶಾಂತವಾಗಿರುತ್ತದೆ.

ಕೋಣೆಯನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ನೀರಿನ ಮಟ್ಟಕ್ಕೆ ಹತ್ತಿರವಾಗಿರುವುದನ್ನು ಆರಿಸಿಕೊಳ್ಳಬೇಕು. ಮಕ್ಕಳ ಏತಪಾತದ ಹಲಗೆಯನ್ನು ನೆನೆಯಿರಿ. ತುದಿಯಲ್ಲಿ ಕುಳಿತವನು ಮೇಲಕ್ಕೂ ಕೆಳಕ್ಕೂ ಹಾರುತ್ತಾನೆ. ನಡುವೆ ನಿಂತವನು ಅಲುಗುವುದೇ ಇಲ್ಲ. ಹಡಗೂ ಅಂಥದೇ ಒಂದು ದೊಡ್ಡ ಹಲಗೆ. ದೊಡ್ಡ ವಿಹಾರನೌಕೆಗಳಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಸಾಧನಗಳಿದ್ದು ಪಕ್ಕಕ್ಕೆ ವಾಲುವುದನ್ನು ತಗ್ಗಿಸುತ್ತವೆ. ಮೂತಿ ಏರಿ ಇಳಿಯುವುದನ್ನು ಅವು ಅಷ್ಟಾಗಿ ತಡೆಯಲಾರವು.

ಹಿಂದಿನ ರಾತ್ರಿ ಚೆನ್ನಾಗಿ ನಿದ್ರೆ ಮಾಡಬೇಕು. ಹೊಟ್ಟೆ ಬರಿದಾಗಿಯೂ ಇರಬಾರದು, ಬಿರಿಯುವಂತೆಯೂ ಇರಬಾರದು. ಇಡ್ಲಿ, ಮೆತ್ತಗಿನ ಅನ್ನ, ಬಿಸ್ಕತ್ತು, ಬಾಳೆಹಣ್ಣು ಮುಂತಾದ ಹಗುರವಾದ ಆಹಾರ ಸಾಕು. ಎಣ್ಣೆಯ ತಿಂಡಿ, ಅತಿ ಖಾರ, ಮದ್ಯ ಮೂರೂ ದೂರವಿರಲಿ.

ಔಷಧಿಯ ವಿಚಾರ

ಈ ಬೇನೆಗೆ ಸಾಮಾನ್ಯವಾಗಿ ಬಳಸುವ ಮಾತ್ರೆಗಳು ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜೀನ್, ಸಿನ್ನರಿಜೀನ್ ಮುಂತಾದುವು. ಇವುಗಳಲ್ಲಿ ಡೈಮೆನ್‌ಹೈಡ್ರಿನೇಟಿನ ಕಥೆ ಸ್ವಾರಸ್ಯವಾದುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಚರ್ಮದ ದದ್ದಿಗಾಗಿ ಈ ಔಷಧಿಯನ್ನು ಪಡೆಯುತ್ತಿದ್ದ ಮಹಿಳೆಯೊಬ್ಬರು, ಟ್ರಾಮಿನಲ್ಲಿ ಕುಳಿತಾಗ ತಮಗೆ ಎಂದಿನಂತೆ ವಾಕರಿಕೆ ಬರುತ್ತಿಲ್ಲವೆಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸಿದರು. ವೈದ್ಯರು ೧೯೪೭ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ ಸೈನಿಕರ ಹಡಗಿನಲ್ಲಿ ಅದನ್ನು ಪರೀಕ್ಷಿಸಿ ನೋಡಿದರು. ದದ್ದಿನ ಮದ್ದು ಹೀಗೆ ಕಡಲಿನ ಮದ್ದಾಯಿತು.

ಈ ಮಾತ್ರೆಗಳನ್ನು ಹಡಗು ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ನುಂಗಬೇಕು. ಕೆಲವನ್ನು ಅದಕ್ಕಿಂತಲೂ ಮುಂಚೆ ನುಂಗಬೇಕಾಗುತ್ತದೆ. ವಾಂತಿ ಆರಂಭವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸಾಮಾನ್ಯ ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಎಂಬ ಪ್ರಸಿದ್ಧ ಮಾತ್ರೆ ಕಡಲಬೇನೆಯನ್ನು ತಡೆಯುವುದರಲ್ಲಿ ಅಷ್ಟೇನೂ ಪ್ರಯೋಜನಕಾರಿಯಲ್ಲ. ಮನೆಯ ಡಬ್ಬಿಯಲ್ಲಿ ಅದಿದೆಯಲ್ಲ ಎಂದು ಧೈರ್ಯವಾಗಿ ಹೊರಡಬಾರದು.

ಸ್ಕೋಪೊಲಮೀನ್ ಎಂಬ ಇನ್ನೊಂದು ಔಷಧಿಯುಂಟು. ವಿದೇಶಗಳಲ್ಲಿ ಇದನ್ನು ಕಿವಿಯ ಹಿಂದೆ ಅಂಟಿಸುವ ಪಟ್ಟಿಯ ರೂಪದಲ್ಲಿ ಬಳಸುತ್ತಾರೆ. ಕನಿಷ್ಠ ನಾಲ್ಕು ಗಂಟೆ ಮೊದಲು ಅಂಟಿಸಿದರೆ ಮೂರು ದಿನ ಕೆಲಸ ಮಾಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರ ಜೂನ್‌ನಲ್ಲಿ, ನಾರ್ಮಂಡಿಯ ತೀರಕ್ಕೆ ಹೊರಟ ಬ್ರಿಟಿಷ್ ಸೈನಿಕರಿಗೆ ಕೊಟ್ಟದ್ದೂ ಇದೇ ಔಷಧಿಯ ಮಾತ್ರೆಯನ್ನು. ನಮ್ಮ ಬೇಲಿಗಳಲ್ಲಿ ಬೆಳೆಯುವ ಉಮ್ಮತ್ತಿಯಲ್ಲಿಯೂ ಈ ದ್ರವ್ಯವಿದೆ. ಇದನ್ನು ಓದಿ ಯಾರೂ ಉಮ್ಮತ್ತಿಯ ಸೊಪ್ಪಿಗಾಗಲಿ ಬೀಜಕ್ಕಾಗಲಿ ಕೈಹಾಕಬಾರದು. ಗಿಡದಲ್ಲಿ ಅದರ ಪ್ರಮಾಣ ಗೊತ್ತಾಗುವುದಿಲ್ಲ, ಪ್ರಾಣಕ್ಕೇ ಅಪಾಯ.

ಮೇಲೆ ಹೇಳಿದ ಔಷಧಿಗಳಲ್ಲಿ ಹೆಚ್ಚಿನವು ನಿದ್ರೆಯನ್ನು ತರುತ್ತವೆ, ಬಾಯನ್ನು ಒಣಗಿಸುತ್ತವೆ. ಇವುಗಳ ಜೊತೆ ಮದ್ಯ ಸೇರಿದರೆ ಕೇಡು. ಗ್ಲೂಕೋಮಾ ಇರುವವರು, ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರಕ್ಕೆ ತೊಂದರೆಯಿರುವ ಹಿರಿಯರು, ಗರ್ಭಿಣಿಯರು, ಈಗಾಗಲೇ ಬೇರೆ ಔಷಧಿಗಳನ್ನು ಸೇವಿಸುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಕೂಡದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ಮಾತ್ರೆಯನ್ನು ಅಂದಾಜಿನಿಂದ ಮುರಿದು ಕೊಡುವುದು ತಪ್ಪು. ನೆರೆಯವರ ಮನೆಯಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಾರೆಂಬುದು ನಮ್ಮ ಮನೆಗೆ ಪ್ರಮಾಣವಲ್ಲ.

ಶುಂಠಿಯ ಮಾತೇನು ಎಂದು ಗೃಹಿಣಿಯರು ಕೇಳಬಹುದು. ಶುಂಠಿಯಿಂದ ಕೆಲವರಿಗೆ ವಾಕರಿಕೆ ಕಡಿಮೆಯಾಗುವುದುಂಟು. ಪರೀಕ್ಷೆಗಳ ಫಲ ಮಾತ್ರ ಎಲ್ಲ ಕಡೆಯೂ ಒಂದೇ ಆಗಿಲ್ಲ. ಒಂದು ಚೂರು ಶುಂಠಿಯನ್ನು ಅಗಿಯುವುದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಮಣಿಕಟ್ಟಿನ ಒಳಭಾಗವನ್ನು ಒತ್ತುವ ಪಟ್ಟಿಗಳ ವಿಷಯವೂ ಅಷ್ಟೇ. ನಿಂಬೆಹಣ್ಣಿನ ವಾಸನೆ ಹಿತವೆನಿಸಿದರೆ ಮೂಸಬಹುದು. ಆದರೆ ಕೆರಳಿದ ಕಡಲಿನಲ್ಲಿ ಇವುಗಳನ್ನೇ ನೆಚ್ಚಿ ಕೂರುವುದು ಕೊಡೆಯನ್ನು ನೆಚ್ಚಿ ಜಡಿಮಳೆಗೆ ಹೊರಟಂತೆ.

ಹಡಗಿನ ಮೇಲೆ

ಬಾಯಲ್ಲಿ ನೀರೂರುವುದು, ಆಕಳಿಕೆ, ತಣ್ಣನೆಯ ಬೆವರು, ಮುಖ ಬಿಳಿಚುವುದು ಇವು ಬೇನೆಯ ಮುನ್ಸೂಚನೆಗಳು. ಈ ಹಂತದಲ್ಲಿಯೇ ಎಚ್ಚೆತ್ತುಕೊಂಡರೆ ಅರ್ಧ ಗೆದ್ದಂತೆ. ಕೂಡಲೇ ಪುಸ್ತಕವನ್ನು ಮುಚ್ಚಿ, ಕೈಯಲ್ಲಿರುವ ಮೊಬೈಲನ್ನು ಜೇಬಿಗೆ ಹಾಕಿ, ಹಡಗಿನ ನಡುಭಾಗದ ತೆರೆದ ಅಟ್ಟಕ್ಕೆ ಹೋಗಬೇಕು. ಡೀಸೆಲ್ಲಿನ ಹೊಗೆಯೂ ಅಡುಗೆಮನೆಯ ವಾಸನೆಯೂ ಬಾರದ ಕಡೆ ಕುಳಿತು, ತಲೆಯನ್ನು ಆಸನಕ್ಕೆ ಒರಗಿಸಿ, ದೃಷ್ಟಿಯನ್ನು ದಿಗಂತದ ಮೇಲೆ ನಿಲ್ಲಿಸಬೇಕು. ದಿಗಂತ ಅಲುಗುವುದಿಲ್ಲ. ಅದನ್ನು ನೋಡುವಾಗ ನಾವು ತೂಗಾಡುತ್ತಿರುವುದು ಕಣ್ಣಿಗೂ ತಿಳಿಯುತ್ತದೆ. ಕಿವಿಯ ಸಾಕ್ಷಿಗೂ ಕಣ್ಣಿನ ಸಾಕ್ಷಿಗೂ ಮೇಳವಾಗುತ್ತದೆ. ಹತ್ತಿರದ ಅಲೆಗಳನ್ನು ನೋಡಿದರೆ ಈ ಲಾಭವಿಲ್ಲ.

ಹೊರಗೆ ಹೋಗಲು ಆಗದಿದ್ದರೆ, ಕತ್ತಲಾಗಿದ್ದರೆ, ಅಂಗಾತ ಮಲಗಿ ಕಣ್ಣುಗಳನ್ನು ಮುಚ್ಚಿಕೊಳ್ಳಬೇಕು. ತಲೆಯ ಎರಡು ಬದಿಗೂ ದಿಂಬುಗಳನ್ನಿಟ್ಟು ಅದು ಹೊರಳದಂತೆ ಮಾಡಬೇಕು. ಕಣ್ಣನ್ನು ಮುಚ್ಚಿದಾಗ ಒಬ್ಬ ಸಾಕ್ಷಿ ಹೊರಗೆ ಹೋದಂತಾಯಿತು, ವಾದವಿವಾದವೂ ತಗ್ಗುತ್ತದೆ. ನಿಧಾನವಾಗಿ, ಒಂದೇ ಲಯದಲ್ಲಿ ಉಸಿರಾಡುವುದೂ ಹಿತವಾದ ಸಂಗೀತವನ್ನು ಕೇಳುವುದೂ ಪ್ರಯೋಜನಕಾರಿ. ವಾಂತಿ ಮಾಡುತ್ತಿರುವವರ ಹತ್ತಿರ ಕೂರಬಾರದು; ನೋಟ ಮತ್ತು ವಾಸನೆಗಳೇ ಪಕ್ಕದವರನ್ನೂ ಕೆಡಿಸುತ್ತವೆ.

ವಾಂತಿಯಾದ ಮೇಲೆ ಒಮ್ಮೆಗೇ ಒಂದು ಲೋಟ ನೀರನ್ನು ಕುಡಿದರೆ ಅದೂ ಹೊರಗೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಕೆಲವು ನಿಮಿಷಗಳಿಗೊಮ್ಮೆ ಒಂದೆರಡು ಚಮಚದಷ್ಟು ನೀರನ್ನು ಗುಟುಕರಿಸಬೇಕು. ಓ.ಆರ್.ಎಸ್. ಪುಡಿಯ ಪೊಟ್ಟಣಗಳು ಚೀಲದಲ್ಲಿರುವುದು ಒಳ್ಳೆಯದು. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಬೆರೆಸಬೇಕು. ಉಪ್ಪಿನ ಅಳತೆ ಹೆಚ್ಚಬಾರದು. ಹೊಟ್ಟೆ ತಣ್ಣಗಾದ ಮೇಲೆ ಬಿಸ್ಕತ್ತು, ಒಣ ರೊಟ್ಟಿಯಂಥದನ್ನು ಕೊಡಬಹುದು.

ಹಡಗಿನ ಮೇಲೆ ಬಂದ ಕಾಯಿಲೆಯೆಲ್ಲ ಕಡಲಬೇನೆಯೆಂದು ತಿಳಿಯುವುದೂ ಅಪಾಯ. ಎದೆನೋವು, ಉಸಿರಾಟದ ಕಷ್ಟ, ಅಸಾಧ್ಯ ತಲೆನೋವು, ಜ್ವರ, ವಾಂತಿಯಲ್ಲಿ ರಕ್ತ, ಮಾತು ತೊದಲುವುದು, ಮಂಕು ಕವಿಯುವುದು, ಬಹಳ ಹೊತ್ತು ಮೂತ್ರವಾಗದಿರುವುದು, ಕುಡಿದ ನೀರೊಂದೂ ಹೊಟ್ಟೆಯಲ್ಲಿ ನಿಲ್ಲದಿರುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಹಡಗಿನ ವೈದ್ಯರಿಗೆ ತಿಳಿಸಬೇಕು. ಮಧುಮೇಹದವರು ಊಟ ಬಿಟ್ಟಾಗ ಎಂದಿನ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಸಮಾಧಾನದ ಮಾತೂ ಒಂದಿದೆ. ಎರಡು ಮೂರು ದಿನಗಳಲ್ಲಿ ಹೆಚ್ಚಿನವರ ಮಿದುಳು ಈ ತೂಗಾಟಕ್ಕೆ ಹೊಂದಿಕೊಂಡುಬಿಡುತ್ತದೆ. ಹಾಗೆ ಹೊಂದಿಕೊಂಡವರಿಗೆ ಇಳಿದ ಮೇಲೆ ನೆಲವೇ ತೂಗಾಡಿದಂತೆ ತೋರುವುದುಂಟು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅದು ಅಡಗುತ್ತದೆ. ವಾರಗಳು ಕಳೆದರೂ ಹೋಗದಿದ್ದರೆ ವೈದ್ಯರನ್ನು ಕಾಣಬೇಕು.

ನೀರು ಆಕಾಶಕ್ಕೆ ಕೂಡುವ ಜಾಗ

ಇನ್ನು ನನ್ನ ತಾಯಿಯವರ ವಿಷಯ. ವೈದ್ಯರು ತಾವೇ ಬಂದು ನಾಡಿಯನ್ನೂ ರಕ್ತದ ಒತ್ತಡವನ್ನೂ ಪರೀಕ್ಷಿಸಿದರು. ಕಣ್ಣಿನ ಹನಿಯನ್ನು ತಪ್ಪಿಸಬಾರದೆಂದು ಹೇಳಿ, ಅವರನ್ನು ಹಡಗಿನ ನಡುಭಾಗದ ತೆರೆದ ಅಟ್ಟಕ್ಕೆ ಕರೆತರಿಸಿ, ಒರಗು ಕುರ್ಚಿಯಲ್ಲಿ ಕೂರಿಸಿದರು. ಚಮಚ ಚಮಚವಾಗಿ ನೀರನ್ನು ಕುಡಿಸುವ ಕೆಲಸ ನನ್ನ ಮಗಳಿಗೆ ಬಂತು. ಅವಳು ಮಾತ್ರೆಯ ಬಲದಿಂದ ಸ್ವಲ್ಪ ತೂಕಡಿಸುತ್ತಿದ್ದರೂ ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದಳು. ಹೊತ್ತು ಇಳಿಯಲು ಇನ್ನೂ ಒಂದು ಗಂಟೆಯಿತ್ತು.

"ಅಮ್ಮಾ, ದೂರದ ದಿಗಂತವನ್ನೇ ನೋಡುತ್ತಿರಬೇಕಂತೆ" ಎಂದೆ.

ತಾಯಿಯವರು ಸಣ್ಣಗೆ ನಕ್ಕರು. "ಅಪ್ಪನಿಗೂ ಓಡದವರು ಅದನ್ನೇ ಹೇಳಿದ್ದರಂತೆ ಕಣೋ. 'ಹತ್ತಿರದ ನೀರು ನೋಡಬೇಡಿ, ನೀರು ಆಕಾಶಕ್ಕೆ ಕೂಡುವ ಜಾಗ ನೋಡಿ' ಅಂತ. ನಾನು ಅದನ್ನು ಕಥೆ ಅಂದುಕೊಂಡಿದ್ದೆ."

ಒಳಗಿವಿಯ ನಾಳಗಳ ಹೆಸರನ್ನೂ ಕೇಳದ ಆ ದ್ವೀಪದ ನಾವಿಕರು ಮದ್ದಿಲ್ಲದ ಮದ್ದನ್ನು ಅಂದೇ ಬಲ್ಲವರಾಗಿದ್ದರು. ಕತ್ತಲಾಗುವ ಹೊತ್ತಿಗೆ ತಾಯಿಯವರ ಮುಖಕ್ಕೆ ಬಣ್ಣ ಮರಳಿತು. ರಾತ್ರಿ ಎರಡು ಬಿಸ್ಕತ್ತು ತಿಂದು, ದಿಂಬುಗಳ ನಡುವೆ ತಲೆಯಿಟ್ಟು ನಿದ್ರೆಹೋದರು. ನಾನೂ ವೈದ್ಯರಿಂದ ತಕ್ಕ ಚಿಕಿತ್ಸೆ ಪಡೆದು, ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ ಮಲಗಿದೆ.

ಮರುದಿನ ಹಡಗು ಕಡಮತ್ತಿನ ಹೊರಗೆ ನಿಂತಿತು. ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸಿಕೊಳ್ಳುವಾಗ ನಾವಿಕರಿಬ್ಬರು ನನ್ನ ತಾಯಿಯನ್ನು ತೋಳು ಹಿಡಿದು, ಅಲೆ ಏರಿದ ಕ್ಷಣವನ್ನು ಕಾದು, ಹೂವಿನಂತೆ ಇಳಿಸಿದರು. ಹವಳದ ದಿಬ್ಬವನ್ನು ದಾಟಿ ಒಳಗಿನ ಹಿನ್ನೀರಿಗೆ ಬಂದೊಡನೆ ತೂಗಾಟ ನಿಂತುಹೋಯಿತು. ಎಳೆಯ ಬಾಳೆಯ ಎಲೆಯಂಥ ಹಸಿರು ನೀರು. ತಳದ ಮರಳೂ ಕಾಣುವಷ್ಟು ತಿಳಿ. ತಾಯಿಯವರು ಸೀರೆಯ ಅಂಚನ್ನು ಎತ್ತಿ ಹಿಡಿದು ಮೊಣಕಾಲಿನವರೆಗೆ ನೀರಿನಲ್ಲಿ ನಿಂತರು. ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ನನ್ನ ಪತ್ನಿಯ ಕೈಯನ್ನು ಹಿಡಿದುಕೊಂಡು, "ನೀನು ನಿನ್ನೆ ತಡೆಯದಿದ್ದರೆ ಇವನು ಮಾತ್ರೆ ಕೊಟ್ಟೇಬಿಡುತ್ತಿದ್ದನಮ್ಮಾ" ಎಂದರು.

ನಾನು ಹತ್ತಿರದ ನೀರನ್ನು ಬಿಟ್ಟು, ದೂರದ ದಿಗಂತವನ್ನು ನೋಡತೊಡಗಿದೆ.